ಸೂಜಿಗೆ ಒಂದು ಗಂಟೆ ಮೊದಲು

ನಾನು ಮಕ್ಕಳ ವಾರ್ಡಿನ ನರ್ಸ್. ಆಸ್ಪತ್ರೆಗೆ ಕಂಪ್ಯೂಟರ್ ಬಂದು ನಮ್ಮ ಕೆಲಸ ಹಗುರಾಯಿತೆಂದು ಯಾರಾದರೂ ಅಂದರೆ ನಗು ಬರುತ್ತದೆ. ಮೊದಲು ಬರೆಯುತ್ತಿದ್ದೆವು, ಈಗ ಒತ್ತುತ್ತೇವೆ. ಆದರೂ ಮಕ್ಕಳ ನೋವಿನ ವಿಷಯಕ್ಕೆ ಬಂದರೆ ನಾನು ಕಂಪ್ಯೂಟರಿನ ಪಕ್ಷ.

ಸೂಜಿ ಚುಚ್ಚುವ ಜಾಗಕ್ಕೆ ಹಚ್ಚುವ, ಲಿಡೋಕೇನ್ ಮತ್ತು ಪ್ರಿಲೋಕೇನ್ ಬೆರೆತ ಮುಲಾಮೊಂದಿದೆ. ಚರ್ಮ ಮರಗಟ್ಟಲು ಸುಮಾರು 60 ನಿಮಿಷ ಬೇಕು. ವೈದ್ಯರು ರೌಂಡ್ಸಿನಲ್ಲಿ ‘ಸಿಬಿಸಿ ಕಳಿಸಿ’ ಎನ್ನುತ್ತಾರೆ, ಅಂದರೆ ರಕ್ತಕಣಗಳ ಎಣಿಕೆಯ ಪರೀಕ್ಷೆ. ಸ್ವಲ್ಪ ಹೊತ್ತಿಗೆಲ್ಲ ಲ್ಯಾಬ್‌ನವರು ಸಿರಿಂಜ್ ಹಿಡಿದು ನಿಂತಿರುತ್ತಾರೆ. ಆಗ ಮುಲಾಮು ನೆನಪಾಗಿ ಏನು ಪ್ರಯೋಜನ? ಅಮ್ಮ ಕಾಲು ಹಿಡಿಯುತ್ತಾಳೆ, ಆಯಾ ಕೈ ಹಿಡಿಯುತ್ತಾರೆ, ‘ಇರುವೆ ಕಚ್ಚಿದ ಹಾಗೆ ಅಷ್ಟೇ ಪುಟ್ಟಾ’ ಎಂದು ಎಲ್ಲರೂ ಸೇರಿ ಸುಳ್ಳು ಹೇಳುತ್ತೇವೆ. ಯಾರೂ ಕಟುಕರಲ್ಲ. ಹೊತ್ತು ಮೀರಿರುತ್ತದೆ, ಅಷ್ಟೇ.

ಹೊತ್ತು ನೆನಪಿಡುವುದರಲ್ಲಿ ಕಂಪ್ಯೂಟರನ್ನು ಮೀರಿಸುವವರಿಲ್ಲ. ವೈದ್ಯರು ರಕ್ತಪರೀಕ್ಷೆ ಆದೇಶಿಸಿದ ಕೂಡಲೇ ಆದೇಶದ ಪಟ್ಟಿಯಲ್ಲಿ ಮುಲಾಮಿನ ಸಾಲೂ ತಾನಾಗಿ ಬರಲಿ, ಬೇಡವಾದರೆ ಅವರೇ ತೆಗೆಯಲಿ. ತುರ್ತು ಇದ್ದಾಗ ಮುಲಾಮಿಗಾಗಿ ಯಾರೂ ಒಂದು ಗಂಟೆ ಕಾಯಬೇಕಿಲ್ಲ. ಎಳೆಗೂಸಾದರೆ ‘ಎದೆಹಾಲು ಕುಡಿಸುತ್ತ ಚುಚ್ಚಿ’ ಎಂಬ ಸೂಚನೆ ಬರಲಿ. ಈ ಮುಲಾಮು ಎಳೆಯ ಮಕ್ಕಳಿಗೆ ಹೆಚ್ಚಾದರೆ ರಕ್ತಕ್ಕೇ ತೊಂದರೆ. ತೂಕ ನೋಡಿ ಮಿತಿ ಹೇಳುವ ಕೆಲಸವೂ ಕಂಪ್ಯೂಟರಿನದ್ದೇ.

ಮಕ್ಕಳಿಗೆ ಅಷ್ಟೇನೂ ನೋಯುವುದಿಲ್ಲ ಎನ್ನುವವರು ಈಗಲೂ ಇದ್ದಾರೆ. 1980ರ ದಶಕದಲ್ಲೂ ಅಮೆರಿಕದಲ್ಲಿ ಅವಧಿಗೆ ಮೊದಲೇ ಹುಟ್ಟಿದ ಶಿಶುಗಳನ್ನು ಕದಲದಂತೆ ಮಾಡುವ ಔಷಧ ಮಾತ್ರ ಕೊಟ್ಟು ಶಸ್ತ್ರಚಿಕಿತ್ಸೆ ಮಾಡಿದ್ದುಂಟು. ಶಿಶುಗಳಿಗೂ ನೋವಾಗುತ್ತದೆ, ಅದು ಚೇತರಿಕೆಯನ್ನೂ ಕೆಡಿಸುತ್ತದೆ ಎಂದು 1987ರಲ್ಲಿ ಪುರಾವೆ ಸಮೇತ ಬರೆದವರಲ್ಲಿ ಮುಂಚೂಣಿಯಲ್ಲಿದ್ದವರು ಇಂದೋರಿನಲ್ಲಿ ವೈದ್ಯಕೀಯ ಓದಿ ಆಕ್ಸ್‌ಫರ್ಡಿಗೆ ಹೋಗಿದ್ದ ಡಾ. ಕೆ. ಜೆ. ಎಸ್. ಆನಂದ್.

ಇನ್ನು ನೋವಿನ ಅಳತೆ. ಮಾತು ಬಾರದ ಮಗುವಿಗೆ ‘ಫ್ಲಾಕ್’ ಮಾಪಕವಿದೆ: ಮುಖ, ಕಾಲು, ಚಲನೆ, ಅಳು, ಸಮಾಧಾನ, ಒಂದೊಂದಕ್ಕೆ 0ಯಿಂದ 2, ಒಟ್ಟು 10. ಗದ್ದ ನಡುಗುತ್ತಿದೆಯೇ, ಮೊಣಕಾಲು ಹೊಟ್ಟೆಗೆ ಎಳೆದುಕೊಂಡಿದೆಯೇ, ಎತ್ತಿಕೊಂಡರೂ ಸುಮ್ಮನಾಗುತ್ತಿಲ್ಲವೇ? ಇದನ್ನು ಮಂಚದ ಪಕ್ಕ ನಿಂತೇ ನೋಡಬೇಕು. ಪಾಳಿ ಮುಗಿಯುವಾಗ ಒಂದೇ ಉಸಿರಿನಲ್ಲಿ ಸಾಲಾಗಿ ಸೊನ್ನೆ ತುಂಬಿದ ಚಾರ್ಟುಗಳನ್ನು ಬೇಕಾದಷ್ಟು ಕಂಡಿದ್ದೇನೆ. ಕಂಪ್ಯೂಟರ್ ತೆರೆಯ ಮೇಲೆ ಆ ಆಟ ಕಷ್ಟ, ತುಂಬಿದ ಸಮಯವೂ ದಾಖಲಾಗುತ್ತದೆ. ನನಗೆ ಮುಖ್ಯ ಎರಡನೆಯ ಅಂಕ. ಎರಡು ಗಂಟೆಗೆ 7 ಇತ್ತು, ಪ್ಯಾರಾಸಿಟಮಾಲ್ ಕೊಟ್ಟೆವು. ಮೂರು ಗಂಟೆಗೆ ಎಷ್ಟಾಯಿತು? ಕಾಗದದ ಚಾರ್ಟು ಅದನ್ನು ಕೇಳುತ್ತಲೇ ಇರಲಿಲ್ಲ.

ಹಾಗೆಂದು ಅಂಕದ ಬೆನ್ನು ಹತ್ತಬಾರದು. ಜ್ವರ, ನಾಡಿ, ಉಸಿರು, ರಕ್ತದೊತ್ತಡದ ಜೊತೆಗೆ ನೋವನ್ನೂ ‘ಐದನೆಯ ಜೀವಚಿಹ್ನೆ’ ಎಂದು ಸಾರಿದ ಅಮೆರಿಕದಲ್ಲಿ, ಅಂಕ ಇಳಿಸುವ ಅವಸರವೂ ಓಪಿಯಾಯ್ಡ್ (ಅಫೀಮಿನ ಜಾತಿಯ, ಚಟ ಹಿಡಿಸುವ ನೋವುನಿವಾರಕ) ಅವಾಂತರಕ್ಕೆ ಒಂದು ಕಾರಣವಾಯಿತೆಂದು ಆಮೇಲೆ ಅವರೇ ಚರ್ಚಿಸಿದರು. ಗಳಿಗೆಗೊಮ್ಮೆ ಕಿರುಚುವ ತೆರೆಯನ್ನು ಮೂರನೆಯ ದಿನದಿಂದ ಯಾವ ನರ್ಸೂ ಓದುವುದಿಲ್ಲ, ನಾನೂ ಸೇರಿ. ಎಚ್ಚರಿಕೆ ಕಡಿಮೆ ಇರಲಿ, ಬೇಕಾದ ಹೊತ್ತಿಗೆ ಬರಲಿ.

ಕೇಂದ್ರ ಸರ್ಕಾರದ ಡಿಜಿಟಲ್ ಆರೋಗ್ಯ ಖಾತೆಯ ‘ಆಭಾ’ ಸಂಖ್ಯೆ ಬಂದಿದೆಯಲ್ಲ ಎನ್ನುತ್ತೀರಿ. ವರದಿಗಳು ಊರಿಂದೂರಿಗೆ ಹೋಗಲು ಅದು ಒಳ್ಳೆಯದೇ, ಆದರೆ ಮಂಚದ ಪಕ್ಕದ ಈ ಒಂದು ಗಂಟೆ ಅದರ ಕೈಗೆ ಸಿಗುವುದಿಲ್ಲ.

ತಂತ್ರಾಂಶ ಮಾರಲು ಬಂದವರು ಬಣ್ಣಬಣ್ಣದ ಗ್ರಾಫ್ ತೋರಿಸುತ್ತಾರೆ. ಎರಡು ವರ್ಷದ ಮಗುವಿಗೆ ರಕ್ತಪರೀಕ್ಷೆ ಆದೇಶಿಸಿ ತೋರಿಸಿ ಎಂದು ಕೇಳಿ. ಮುಲಾಮಿನ ಸಾಲು ಬಾರದಿದ್ದರೆ ಸೇರಿಸಿಕೊಂಡು ಬನ್ನಿ ಎಂದು ವಾಪಸ್ ಕಳಿಸಿ. ಹಾಗೆಯೇ ಟ್ಯೂಬನ್ನು ವಾರ್ಡಿನ ಕಪಾಟಿನಲ್ಲೇ ಇಡಿಸಿ. ಔಷಧಾಲಯಕ್ಕೆ ಚೀಟಿ ಬರೆದು ತರಿಸುವಷ್ಟರಲ್ಲಿ ಲ್ಯಾಬ್‌ನವರು ಬಂದಿರುತ್ತಾರೆ.