ತುಣುಕಿನ ಹಿಂದೆ ಇಡೀ ಪ್ರಸಂಗವಿದೆ

ಮೊಬೈಲು ಬಂದ ಮೇಲೆ ದೀರ್ಘ ಕಥನ ನೋಡುವ ತಾಳ್ಮೆಯೇ ಹೋಯಿತು ಎಂದು ಲೇಖಕರೊಬ್ಬರು ಒಂದು ಲೇಖನದಲ್ಲಿ ಬರೆದಿದ್ದಾರೆ. ಶಿರಸಿ ಕಡೆಯವನಾದ ನನಗೆ, ಯಕ್ಷಗಾನದ ಮಟ್ಟಿಗೆ, ಇದು ಅರ್ಧ ಮಾತ್ರ ಸರಿ ಅನ್ನಿಸುತ್ತದೆ. ನಮ್ಮ ಆಯಿಗೆ ಮೊಣಕಾಲು ನೋವು, ಯಕ್ಷಗಾನದ ಆಟಕ್ಕೆ ಹೋಗಿ ವರ್ಷಗಳಾದವು. ಈಗ ಅಡಿಕೆ ಸುಲಿಯುತ್ತ ಯೂಟ್ಯೂಬಿನಲ್ಲಿ ಮೂರು-ನಾಲ್ಕು ತಾಸಿನ ತಾಳಮದ್ದಳೆಯನ್ನು, ಅಂದರೆ ವೇಷ-ಕುಣಿತವಿಲ್ಲದೆ ಹಾಡು-ಮಾತಿನಲ್ಲೇ ನಡೆಯುವ ಯಕ್ಷಗಾನವನ್ನು, ಪೂರ್ತಿ ಕೇಳುತ್ತಾಳೆ. 2017ರಲ್ಲಿ ತೀರಿಕೊಂಡ ಯಕ್ಷಗಾನ ಕಲಾವಿದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಭಸ್ಮಾಸುರನನ್ನು ನನ್ನ ಮಗಳು ಕಂಡಿದ್ದೂ ಅಲ್ಲಿಯೇ. ಇದನ್ನು ನಷ್ಟ ಎನ್ನಲು ನನಗೆ ಮನಸ್ಸಿಲ್ಲ.

ನನ್ನ ಚಿಂತೆ ಬೇರೆ. ಗದಾಯುದ್ಧದ ಆಟದಲ್ಲಿ ಕೌರವ ಸರೋವರದೊಳಗೆ ಅಡಗಿರುತ್ತಾನೆ, ಭೀಮ ಹಂಗಿಸಿ ಕರೆಯುತ್ತಾನೆ. ಕೌರವ ಎದ್ದು ಬಂದು ಕುಣಿಯುವ ಏರುಪದದ (ವೇಗದ ಲಯದ ಹಾಡಿನ) ಒಂದು ನಿಮಿಷವಷ್ಟೇ ಫೋನಿಗೆ ಬರುತ್ತದೆ. ಅದಕ್ಕೂ ಮೊದಲು ತಮ್ಮಂದಿರನ್ನೂ ಕರ್ಣನನ್ನೂ ಕಳೆದುಕೊಂಡು ರಣದಲ್ಲಿ ಒಬ್ಬನೇ ನಡೆದು ಬಂದಿರುತ್ತಾನಲ್ಲ, ಆ ನಿಧಾನದ ಪದ್ಯಗಳು, ಪದ್ಯದ ಅರ್ಥವನ್ನು ವೇಷಧಾರಿ ಮಾತಿನಲ್ಲಿ ಬಿಡಿಸುವ ಆ ಅರ್ಥಗಾರಿಕೆ ಎಲ್ಲಿ? ಕುಣಿತ ಕಾಣುತ್ತದೆ, ಸಂಕಟ ತಲುಪುವುದಿಲ್ಲ. ಈಗೀಗ ರಂಗದ ಮುಂದೆ ಕೂತವರೂ ಏರುಪದಕ್ಕೆ ಫೋನ್ ಎತ್ತುತ್ತಾರೆ, ಮಾತು ಶುರುವಾದರೆ ಫೋನಿನತ್ತ ತಲೆ ತಗ್ಗಿಸುತ್ತಾರೆ.

ಯಾವ ಆಟ ನೋಡಬೇಕು, ಯಾರ ಅರ್ಥ ಕೇಳಬೇಕು ಎಂದು ಹೇಳಲು ಮೊದಲು ಮನೆಯಲ್ಲಿ ಹಿರಿಯರಿದ್ದರು. ಈಗ ಆ ಆಯ್ಕೆ ಯಂತ್ರದ್ದು. ಹಾಗಾಗಿ ವಿಡಿಯೊ ಹಾಕುವವರಲ್ಲಿ ನನ್ನ ಕೋರಿಕೆ ಇಷ್ಟು: ತುಣುಕಿನ ಕೆಳಗೆ ಪ್ರಸಂಗ (ಆಡಿದ ಕಥೆ), ಪದ್ಯ ಹಾಡಿದ ಭಾಗವತರು, ವೇಷಧಾರಿಗಳ ಹೆಸರು, ಆಟವಾದ ಊರು ಬರೆಯಿರಿ. ಪೂರ್ತಿ ಆಟದ ಕೊಂಡಿಯನ್ನೂ ಕೊಡಿ. ನನ್ನ ಮಗಳು ಮೊದಲ ಸಲ ಇಡೀ ಆಟ ನೋಡಿದ್ದು ಅಂಥದ್ದೊಂದು ಕೊಂಡಿ ಹಿಡಿದೇ.