ಪುಟ್ಟ ಮರದ ಮನೆಗೆ ಮಲೆನಾಡಿನ ಸೂರು, ಸ್ವೀಡನ್ನಿನ ಗೋಡೆ

ತೋಟದ ಅಂಚಿನಲ್ಲೋ ಗುಡ್ಡದ ಓರೆಯಲ್ಲೋ ಒಂದು ಪುಟ್ಟ ಮರದ ಮನೆ ಕಟ್ಟಿಸಬೇಕೆನ್ನುವವರು ತೋರಿಸುವ ಚಿತ್ರಗಳೆಲ್ಲ ಹೆಚ್ಚುಕಡಿಮೆ ಒಂದೇ ಬಗೆಯವು. ಕಪ್ಪು ಹಲಗೆಯ ಗೋಡೆ, ಗೋಡೆಯಾಚೆಗೆ ಚಾಚುವ ಸೂರೇ ಇಲ್ಲದ ಚೂಪು ಮಾಡು (ಚಾವಣಿ), ನೆಲದಿಂದ ನೆತ್ತಿಯವರೆಗೆ ಗಾಜು. ಚಿತ್ರ ನೋಡಲು ಚೆಂದ, ಒಪ್ಪುತ್ತೇನೆ. ಆದರೆ ಸ್ವೀಡನ್ನಿನಲ್ಲಿ ನೆಲೆಸಿ ಇಲ್ಲಿನ ಹಳೆಯ ಮರದ ಮನೆಗಳನ್ನು ನೋಡುತ್ತ ಬಂದಿರುವ ನನಗೆ ಗಟ್ಟಿಯಾಗಿ ಅನಿಸುವುದೇ ಬೇರೆ. ಗೋಡೆ ಕಟ್ಟುವ ಕ್ರಮವನ್ನು ಈ ಚಳಿನಾಡಿನಿಂದ ಕಲಿಯಬೇಕು, ಮಾಡು ಹೊದಿಸುವ ಕ್ರಮವನ್ನು ಮಲೆನಾಡೇ ಇಟ್ಟುಕೊಳ್ಳಬೇಕು. ಈಗ ಆಗುತ್ತಿರುವುದು ಇದರ ತದ್ವಿರುದ್ಧ: ಇಲ್ಲಿನ ಬೋಳು ಮಾಡು ಅಲ್ಲಿಗೆ ಹೋಗುತ್ತಿದೆ, ಗೋಡೆಯ ಜಾಣತನ ಇಲ್ಲೇ ಉಳಿಯುತ್ತಿದೆ.

ಸೂರಿನ ಲೆಕ್ಕ ಸರಳ. ಗಾಳಿಗೆ ಮಳೆ ನೇರದಿಂದ 30 ಡಿಗ್ರಿ ಓರೆಯಾಗಿ ಬೀಳುತ್ತಿದೆ ಎನ್ನೋಣ. 1 ಅಡಿ ಚಾಚಿದ ಸೂರು ಗೋಡೆಯ ಮೇಲಿನ ಪೌಣೆರಡು ಅಡಿಯನ್ನಷ್ಟೇ ಒಣಗಿಡುತ್ತದೆ. 3 ಅಡಿ ಚಾಚಿದರೆ 5 ಅಡಿಗೂ ಮೀರಿ ಒಣಗಿರುತ್ತದೆ. ಗೋಡೆ ಇರುವುದೇ 8 ಅಡಿ. ಕಿಟಕಿಗಳ ಬಹುಭಾಗ ಆ ಒಣ ಭಾಗದಲ್ಲೇ ಬರುತ್ತದೆ. ಕೆನಡಾದ ಪಶ್ಚಿಮ ಕರಾವಳಿಯಲ್ಲಿ 1980, 90ರ ದಶಕಗಳಲ್ಲಿ ಕಟ್ಟಿದ ಮರದ ಚೌಕಟ್ಟಿನ ಸಾವಿರಾರು ಮನೆಗಳ ಗೋಡೆ ಒಳಗಿಂದೊಳಗೆ ಕೊಳೆತವು. ಪರಿಶೀಲಿಸಿದಾಗ ಎದ್ದು ಕಂಡ ಸಂಗತಿಗಳಲ್ಲೊಂದು, ಸೂರು ಕಿರಿದಾದಷ್ಟೂ ಗೋಡೆಯ ತೊಂದರೆ ಹೆಚ್ಚು ಎಂಬುದು. ಮಲೆನಾಡಿನ ಮನೆಗಳಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ.

ಹಾಗಂತ ಸ್ವೀಡನ್ನಿನವರು ತಿಳಿಯದೆ ಸೂರನ್ನು ಗಿಡ್ಡ ಇಟ್ಟವರಲ್ಲ. ಮನೆಯೊಳಗಿನ ಬಿಸಿ ಮಾಡಿಗೆ ತಾಗಿ ಹಿಮ ಕರಗುತ್ತದೆ, ಕರಗಿದ ನೀರು ತಣ್ಣಗಿರುವ ಸೂರಿಗೆ ಬಂದು ಮತ್ತೆ ಹೆಪ್ಪುಗಟ್ಟಿ ಮಂಜುಗಡ್ಡೆಯ ಒಡ್ಡು ಕಟ್ಟುತ್ತದೆ. ಹಿಂದೆ ನಿಂತ ನೀರು ಹೊದಿಕೆಯ ಸಂದಿಯಿಂದ ಒಳಗಿಳಿಯುತ್ತದೆ. ಹಿಮದ ಭಾರ, ಚಳಿಗಾಲದ ಇಳಿಬಿಸಿಲನ್ನು ಒಳಗೆ ಬಿಟ್ಟುಕೊಳ್ಳುವ ಆಸೆ ಬೇರೆ. ಈ ಯಾವ ಕಾರಣವೂ ಇಲ್ಲದ ಜಾಗದಲ್ಲಿ ಸೂರು ಕತ್ತರಿಸುವುದಕ್ಕೆ ಅರ್ಥವೇ ಇಲ್ಲ.

ಅಗಲ ಸೂರು ಪುಟ್ಟ ಮನೆಗೆ ಭಾರವಾಗಿ ಕಾಣುತ್ತದೆ ಎಂಬ ಅಂಜಿಕೆ ಹಲವರಿಗಿದೆ. ಭಾರ ಕಾಣಿಸುವುದು ಅಂಚಿನ ದಪ್ಪ, ಸೂರಿನ ಉದ್ದವಲ್ಲ. ಮಾಡನ್ನು ಹೊರುವ 6 ಇಂಚಿನ ಓರೆಮರವನ್ನು, ಅಂದರೆ ಪಕಾಸನ್ನು, ಗೋಡೆ ದಾಟಿದ ಮೇಲೆ ತಳಬದಿಯಿಂದ ಕೆತ್ತುತ್ತ ಹೋಗಿ ತುದಿಯಲ್ಲಿ ಮೂರೂವರೆ ಇಂಚಿಗೆ ತನ್ನಿ, ತುದಿಯನ್ನು ಹಲಗೆ ಹೊಡೆದು ದಪ್ಪ ಪೆಟ್ಟಿಗೆಯಂತೆ ಮುಚ್ಚದೆ ಪಕಾಸುಗಳನ್ನು ಬಿಚ್ಚಾಗಿ ಬಿಡಿ. ಮಾಡು ಹಗುರಾಗುತ್ತದೆ. ಗೋಡೆ ತ್ರಿಕೋನವಾಗಿ ಏರುವ ಬದಿಯಲ್ಲಿ ಸೂರು ಚಾಚುವಾಗ ಮಾತ್ರ ಎಚ್ಚರ: ಅಡ್ಡತುಂಡುಗಳು ಹೊರಗೆ ಒಂದು ಪಾಲು ಚಾಚಿದರೆ ಒಳಗೆ ಕನಿಷ್ಠ ಎರಡು ಪಾಲು ಹೋಗಿ ಪಕಾಸಿಗೆ ಕಚ್ಚಿಕೊಂಡಿರಬೇಕು. ಬರೀ ಮೊಳೆಯ ಮೇಲೆ ನಿಂತ ಸೂರನ್ನು ಗಾಳಿ ಅಡಿಯಿಂದ ಎತ್ತುತ್ತದೆ. ಪ್ರತಿ ಪಕಾಸಿಗೂ ಗೋಡೆಯ ತೊಲೆಗೂ ಕಬ್ಬಿಣದ ಪಟ್ಟಿ ಹೊಡೆಸಲೇಬೇಕು. ಹೆಂಚಾದರೆ ಇಳಿಜಾರು 30 ಡಿಗ್ರಿ ಆಸುಪಾಸಿರಲಿ. ತೀರಾ ಚಪ್ಪಟೆಯಾದರೆ ಗಾಳಿಮಳೆಯಲ್ಲಿ ನೀರು ಹೆಂಚಿನ ಸಂದಿಯಲ್ಲಿ ಹಿಮ್ಮುಖವಾಗಿ ಏರುತ್ತದೆ.

ಇನ್ನು ಗೋಡೆ. ಸ್ವೀಡನ್ನಿನ ಹಳೆಯ ಹಲಗೆಗೋಡೆಯ ಕ್ರಮವನ್ನು ಹತ್ತಿರದಿಂದ ನೋಡುವುದು ಒಳ್ಳೆಯದು, ಏಕೆಂದರೆ ಚೆಲುವೂ ಬಾಳಿಕೆಯೂ ಅಲ್ಲಿ ಒಂದೇ ಕೆಲಸದಿಂದ ಬರುತ್ತವೆ. 6 ಇಂಚು ಅಗಲ, ಮುಕ್ಕಾಲು ಇಂಚು ದಪ್ಪದ ಹಲಗೆಗಳನ್ನು ಮೊದಲು 4 ಇಂಚು ಬಿಟ್ಟು ಬಿಟ್ಟು ನಿಲ್ಲಿಸುತ್ತಾರೆ. ಆ ಸಂದಿಗಳ ಮೇಲೆ ಅದೇ ಅಳತೆಯ ಹಲಗೆ ಬರುತ್ತದೆ, ಎರಡೂ ಬದಿಗೆ ಒಂದೊಂದು ಇಂಚು ಹೊದ್ದುಕೊಂಡು. ಬಿಸಿಲು ಬಿದ್ದಾಗ ಗೋಡೆಯುದ್ದಕ್ಕೂ ನೆರಳಿನ ನೇರ ಗೆರೆಗಳು ಮೂಡುತ್ತವೆ. 10 ಅಡಿ ಉದ್ದದ ಗೋಡೆಗೂ ಎತ್ತರದ ಘನತೆ ಬರುವುದು ಅದರಿಂದಲೇ.

ಗುಟ್ಟಿರುವುದು ಮೊಳೆಯಲ್ಲಿ. ಒಳಹಲಗೆಗೆ ನಡುಮಧ್ಯೆ ಒಂದೇ ಮೊಳೆ. ಹೊರಹಲಗೆಗೆ ಎರಡು, ಅಂಚಿನಿಂದ ಒಂದೂವರೆ ಇಂಚು ಒಳಗೆ. ಆ ಮೊಳೆಗಳು ಸಂದಿಯ ಮೂಲಕ ಹಾದು ಹಿಂದಿನ ಪಟ್ಟಿಗೆ ಇಳಿಯಬೇಕು, ಒಳಹಲಗೆಯನ್ನು ಮುಟ್ಟಲೇಬಾರದು. ಪಟ್ಟಿ ಒಂದೂವರೆ ಇಂಚು ದಪ್ಪವಿದ್ದರೆ 3 ಇಂಚಿನ ಮೊಳೆ ಸರಿಹೋಗುತ್ತದೆ. ಮರ ಮಳೆಗೆ ಅಗಲವಾಗುತ್ತದೆ, ಬೇಸಗೆಗೆ ಕುಗ್ಗುತ್ತದೆ. ಗಟ್ಟಿಯಾಗಿರಲಿ ಎಂದು ಬಡಗಿ ಎರಡೂ ಹಲಗೆಗಳನ್ನು ಸೇರಿಸಿ ಮೊಳೆ ಹೊಡೆದರೆ ಕುಗ್ಗಲು ಜಾಗವಿಲ್ಲದೆ ಹಲಗೆ ಉದ್ದಕ್ಕೆ ಸೀಳುತ್ತದೆ. ಕೆಲಸ ನಡೆಯುವಾಗ ಪಕ್ಕದಲ್ಲಿ ನಿಂತು ನೋಡಬೇಕಾದ ಜಾಗವಿದು. ಮೊಳೆ ಸ್ಟೇನ್‌ಲೆಸ್ ಅಥವಾ ಬಿಸಿ ಸತು ಲೇಪದ್ದೇ ಆಗಿರಲಿ, ಇಲ್ಲದಿದ್ದರೆ ಪ್ರತಿ ಮೊಳೆಯಿಂದಲೂ ಕಪ್ಪು ಕಣ್ಣೀರು ಇಳಿಯುತ್ತದೆ.

ಹಲಗೆಯ ಹಿಂದೆ ಗಾಳಿ ಆಡಬೇಕು. ಗೋಡೆಯ ನೀರುತಡೆ ಹಾಳೆಯ ಮೇಲೆ 1 ಇಂಚಿನ ನೇರ ಪಟ್ಟಿ, ಅದರ ಮೇಲೆ ಹಲಗೆ ಕೂರಿಸುವ ಅಡ್ಡಪಟ್ಟಿ. ನೇರ ಪಟ್ಟಿ ಬಿಟ್ಟರೆ ಒಳಸೇರಿದ ನೀರು ಅಡ್ಡಪಟ್ಟಿಯ ತಲೆಯ ಮೇಲೆ ನಿಂತು ಅಲ್ಲಿಂದಲೇ ಕೊಳೆ ಶುರು. ಈ ಗಾಳಿಸಂದಿಯ ತಳಕ್ಕೆ ತಂತಿಬಲೆ ಕಟ್ಟಿ, ತಲೆಯನ್ನು ಸೂರಿನಡಿ ತೆರೆದಿಡಿ. ಹಲಗೆಯ ತಳತುದಿಯನ್ನು ಓರೆಯಾಗಿ ಕೊಯ್ದರೆ ಹನಿ ಹೊರ ಅಂಚಿನಿಂದ ಉದುರುತ್ತದೆ. ಕೊಯ್ದ ಬಾಯಿಗೆ ಕೂರಿಸುವ ಮೊದಲೇ ಬಣ್ಣವೋ ಎಣ್ಣೆಯೋ ಕುಡಿಸಬೇಕು, ಮರ ಹೆಚ್ಚು ನೀರು ಹೀರುವುದು ಆ ಬಾಯಿಂದಲೇ. ನೆಲಕ್ಕೂ ಹಲಗೆಗೂ ನಡುವೆ 1 ಅಡಿಯಾದರೂ ಅಂತರವಿರಲಿ. ಆ ಜಾಗಕ್ಕೆ ಕಲ್ಲಿನ ಪಂಚಾಂಗವೇ (ಅಡಿಪಾಯದ ಕಟ್ಟೆಯೇ) ಒಪ್ಪುತ್ತದೆ. ಸೂರಿನ ಹನಿ ಬೀಳುವ ಸಾಲಿನಲ್ಲಿ ಒಂದೂವರೆ ಅಡಿ ಅಗಲ, ಅರ್ಧ ಅಡಿ ಆಳಕ್ಕೆ ಗುಂಡುಕಲ್ಲು ತುಂಬಿದರೆ ಕೆಸರು ಗೋಡೆಗೆ ಸಿಡಿಯುವುದಿಲ್ಲ.

ಬಣ್ಣದ ವಿಷಯದಲ್ಲಿ ನನ್ನ ಒಲವು ಕೆಂಪಿನ ಕಡೆಗೇ. ಸ್ವೀಡನ್ನಿನ ಹಳ್ಳಿಮನೆಗಳ ಆ ಮಂಕು ಕೆಂಪು ಫಾಲುನ್ ತಾಮ್ರದ ಗಣಿಯ ಮಣ್ಣಿನಿಂದ ಬಂದದ್ದು. ಗಣಿ 1992ರಲ್ಲಿ ಮುಚ್ಚಿದರೂ ಹಿಂದೆ ರಾಶಿ ಹಾಕಿದ ಮಣ್ಣಿನಿಂದ ಬಣ್ಣ ಇನ್ನೂ ತಯಾರಾಗುತ್ತಿದೆ. ಆ ಮಣ್ಣಿಗೆ ನೀರು, ಹಿಟ್ಟು, ಅಗಸೆ ಎಣ್ಣೆ ಸೇರಿಸಿ ಕುದಿಸಿದ ಬಣ್ಣವದು. ಕೆಂಪು ಕೊಡುವುದು ಕಬ್ಬಿಣದ ಆಕ್ಸೈಡ್, ನಮ್ಮ ಕೆಮ್ಮಣ್ಣಿನಲ್ಲಿ ಇರುವುದೇ. ಇದನ್ನು ಹೊಳಪು ಕೊಟ್ಟ ಹಲಗೆಗೆ ಬಳಿಯುವುದಿಲ್ಲ, ಗರಗಸದ ಒರಟು ಮೈಗೇ ಬಳಿಯುತ್ತಾರೆ. ಪದರ ಕಟ್ಟದಿರುವುದರಿಂದ ಅದು ಸಿಪ್ಪೆ ಏಳದೆ ಪುಡಿಯಾಗಿ ಸವೆಯುತ್ತದೆ. ಬ್ರಷ್ಷಿನಿಂದ ಉಜ್ಜಿ ಮತ್ತೊಂದು ಕೈ ಬಳಿದರಾಯಿತು. ತಿಂಗಳುಗಟ್ಟಲೆ ತೇವವಿರುವ ಕಡೆ ಹಿಟ್ಟಿನ ಬಣ್ಣಕ್ಕೆ ಬೂಷ್ಟು ಹಿಡಿಯಬಹುದು. ಅಲ್ಲಿ ಅದೇ ಕೆಂಪಿನ, ಮರದೊಳಗೆ ಇಳಿಯುವ ವುಡ್ ಸ್ಟೇನ್ ವಾಸಿ. ಗಾಜಿನಂತೆ ಹೊಳೆಯುವ ವಾರ್ನಿಷ್ ಮಾತ್ರ ಹೊರಗೋಡೆಗೆ ಬೇಡವೇ ಬೇಡ. ಒಂದು ಕೂದಲೆಳೆ ಬಿರುಕು ಬಿಟ್ಟರೂ ಒಳಹೊಕ್ಕ ನೀರು ಹೊರಬರಲಾರದೆ ಪದರ ಹಾಳೆ ಹಾಳೆಯಾಗಿ ಎದ್ದು ಬರುತ್ತದೆ. ಕಡುಕಪ್ಪು ಬಣ್ಣ ಇಲ್ಲಿನ ಇಳಿಬಿಸಿಲಿಗೆ ನಡೆಯುತ್ತದೆ. ಕಡುಬಿಸಿಲಿನಲ್ಲಿ ಹಲಗೆ ಕಾದು ಸೊಟ್ಟಗಾಗಿ ಅಂಟು ಒಸರುತ್ತದೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿ ಬೆಂಕಿ ಹೊತ್ತಿಕೊಳ್ಳಬಹುದು. ನೀರಲ್ಲಿ ನೆನೆಸಿಡಿ, ಇಲ್ಲವೇ ಹೊರಗೆ ಹರಡಿ ಒಣಗಿಸಿ.

ಕೆಂಪು ಗೋಡೆಗೆ ಮೂಲೆಗಳಲ್ಲಿ, ಕಿಟಕಿಯ ಸುತ್ತ 4 ಇಂಚಿನ ಬಿಳಿ ಪಟ್ಟಿ ಸಾಕು. ಕಿಟಕಿಗಳ ತಲೆ ಒಂದೇ ಮಟ್ಟದಲ್ಲಿರಲಿ. ಪ್ರತಿ ಕಿಟಕಿಯ ನೆತ್ತಿಗೆ ಬಗ್ಗಿಸಿದ ತಗಡು ಇರಬೇಕು, ತಗಡಿನ ಹಿಂಬದಿ ನೀರುತಡೆ ಹಾಳೆಯ ಹಿಂದೆ ಸೇರಿರಬೇಕು. ಸಿಲಿಕೋನ್ ಬಳಿದು ಮುಗಿಸಿದರೆ ಅದು ಬಿಟ್ಟುಕೊಂಡ ದಿನ ಸೋರಿಕೆ.

ಜಗಲಿಯಲ್ಲಿ ನಾನು ಪೂರ್ತಿ ಮಲೆನಾಡಿನ ಪಕ್ಷ. ಇಲ್ಲಿ ಬಾಗಿಲ ಮುಂದೆ ಎರಡು ಕಂಬದ ಪುಟ್ಟ ಚಪ್ಪರವಿರುತ್ತದೆ, ನಿಂತು ಬೂಟು ಕೊಡವಲು ಅಷ್ಟೇ ಜಾಗ. ಮನೆಯ ಉದ್ದಕ್ಕೂ ಮಾಡನ್ನೇ ಇಳಿಸಿ ಮಾಡಿದ ಜಗಲಿ 150 ಚದರಡಿಯ ಮನೆಗೆ ಇನ್ನೊಂದು ಕೋಣೆ ಕೊಡುತ್ತದೆ. 4 ಅಡಿ ಅಗಲವಾದರೆ ಅದು ಬರೀ ದಾರಿ. 6 ಅಡಿ ಇದ್ದರೆ ಕುರ್ಚಿ ಹಾಕಿ ಕಾಲು ಚಾಚಬಹುದು. ಮರದ ಜಗಲಿಯ ಚೌಕಟ್ಟನ್ನು ಗೋಡೆಗೆ ಅಂಟಿಸದೆ ಅರ್ಧ ಇಂಚು ಬಿಟ್ಟು ಕೂರಿಸಿ, ಹಲಗೆಗಳ ನಡುವೆ ಕಾಲು ಇಂಚು ಸಂದಿ ಕೊಡಿ. ಕಂಬದ ಬುಡ ನೆಲ ಮುಟ್ಟದಂತೆ ಕಬ್ಬಿಣದ ಪಾದದ ಮೇಲೆ 2 ಇಂಚು ಎತ್ತರದಲ್ಲಿರಲಿ. ಗೆದ್ದಲಿನ ಊರಾದರೆ ಪಂಚಾಂಗದ ಮೇಲೆ, ಗೋಡೆಯ ಮರ ಕೂರುವ ಮೊದಲು, ಅಂಚು ಕೆಳಗೆ ಬಾಗಿದ ತಗಡನ್ನು ಹಾಸಿ. ಗೆದ್ದಲು ಅದನ್ನು ಬಳಸಿಕೊಂಡು ಏರಬಲ್ಲದು ನಿಜ, ಆದರೆ ಅದರ ಮಣ್ಣಿನ ಕೊಳವೆ ಹೊರಗೆ ಕಣ್ಣಿಗೆ ಬೀಳುತ್ತದೆ, ಆಗಲೇ ಕೆರೆದು ಮದ್ದು ಹಾಕಬಹುದು. ಅದಕ್ಕಾಗಿ ಪಂಚಾಂಗದ ಸುತ್ತ ಹೂಗಿಡ ಒತ್ತಾಗಿ ನೆಡದೆ, ಬಗ್ಗಿ ನೋಡುವಷ್ಟು ಜಾಗ ಬಿಡಿ.