ಫ್ಲ್ಯಾಶ್ ಕಲಿಯಬೇಕಿಲ್ಲ: ನನ್ನ ಹಳೇ ಮೆಸೇಜ್ ಬಗ್ಗೆ ಸ್ಪಷ್ಟನೆ

"ಇಂಟರಾಕ್ಟಿವ್ ಡಾಕ್ಯುಮೆಂಟರಿ ಕೆಲಸಕ್ಕೆ ಹೋಗೋರು ಮೊದಲು ಫ್ಲ್ಯಾಶ್ ಕಲಿಯಿರಿ" ಅನ್ನೋ ಮೆಸೇಜ್ ಮತ್ತೆ ಓಡಾಡುತ್ತಿದೆ. (ಇಂಟರಾಕ್ಟಿವ್ ಡಾಕ್ಯುಮೆಂಟರಿ ಅಂದರೆ ನೋಡುವವರೇ ಅಲ್ಲಲ್ಲಿ ಒತ್ತಿ ಮುಂದಿನ ದಾರಿ ಆರಿಸಿಕೊಳ್ಳುವ ಸಾಕ್ಷ್ಯಚಿತ್ರ; ಫ್ಲ್ಯಾಶ್ ಅಂದರೆ ಅಂಥದ್ದನ್ನು ಬ್ರೌಸರ್‌ನಲ್ಲಿ ಓಡಿಸಲು ಬಳಸುತ್ತಿದ್ದ ಅಡೋಬಿ ಕಂಪನಿಯ ಸಾಫ್ಟ್‌ವೇರ್.) ಎಷ್ಟೋ ವರ್ಷದ ಹಿಂದೆ ಬರೆದವನು ನಾನೇ. ಈಗ ಅದು ತಪ್ಪು. ಅಡೋಬಿ 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್ ಪ್ಲೇಯರ್ ಬೆಂಬಲ ನಿಲ್ಲಿಸಿತು, 2021ರ ಜನವರಿ 12ರಿಂದ ಅದರಲ್ಲಿ ಏನೂ ಓಡದಂತೆ ತಡೆದೇಬಿಟ್ಟಿತು. ಇದು ಅವರದೇ ಪ್ರಕಟಣೆಯಲ್ಲಿದೆ. ಆ ಕಾಲದ ಎಷ್ಟೋ ಒಳ್ಳೊಳ್ಳೇ ಕೆಲಸಗಳನ್ನು ಇವತ್ತು ಬ್ರೌಸರ್‌ನಲ್ಲಿ ತೆರೆದರೆ ಕಾಣೋದು ಒಂದು ಖಾಲಿ ಚೌಕ, ಅಷ್ಟೇ. ಹೊಟ್ಟೆ ಉರಿಯುತ್ತದೆ! ಈಗ ಬಳಕೆಯಲ್ಲಿರೋದು ಎಚ್‌ಟಿಎಂಎಲ್, ಜಾವಾಸ್ಕ್ರಿಪ್ಟ್ ಅನ್ನೋ, ವೆಬ್ ಪುಟ ಕಟ್ಟುವ ಕೋಡ್ ಭಾಷೆಗಳು. ಕೋಡ್ ಬರಲ್ಲ ಅಂತ ಸುಮ್ನೆ ಹೆದರಬೇಡಿ, ಟ್ವೈನ್ ಅನ್ನೋ ಕಥೆ ಹೆಣೆಯುವ ಸಾಫ್ಟ್‌ವೇರ್ ಉಚಿತ, ಯಾವ ಲಿಂಕ್ ಒತ್ತಿದರೆ ಕಥೆ ಎತ್ತ ಹೋಗುತ್ತದೆ ಅಂತ ಅದರಲ್ಲಿ ಹೆಣೆದು ನೋಡಬಹುದು. ಆ ಹಳೇ ಮೆಸೇಜ್ ಬಂದರೆ ದಯವಿಟ್ಟು ಫಾರ್ವರ್ಡ್ ಮಾಡಬೇಡಿ.